ವಾಹನದ ದೀಪಗಳ ಸ್ವಯಂಚಾಲಿತ ಪರೀಕ್ಷೆ: ಬೆಳಕನ್ನೇ ಅಳೆಯುವ ಮೇಜು ಕಟ್ಟುವ ಬಗೆ

ಒಂಬತ್ತು ರಾತ್ರಿ ನಮ್ಮ ಪರೀಕ್ಷಾ ಮೇಜು ಒಂದೂ ದೋಷವಿಲ್ಲವೆಂದು ವರದಿ ಕೊಟ್ಟಿತ್ತು. ಹತ್ತನೆಯ ಬೆಳಿಗ್ಗೆ ಮೇಜಿನ ಹಿಂದೆ ಬಿದ್ದಿದ್ದ ಸ್ಕ್ರೂಡ್ರೈವರ್ ಎತ್ತಿಕೊಳ್ಳಲು ಬಗ್ಗಿದೆ. ಹಿಂಬದಿಯ ಎಡ ಇಂಡಿಕೇಟರಿನ ಕನೆಕ್ಟರ್ ಅರ್ಧಕ್ಕೆ ಮಾತ್ರ ಕೂತಿತ್ತು. ಪರೀಕ್ಷೆ ಆಗಲೂ ಓಡುತ್ತಿತ್ತು, ಪರದೆಯ ಮೇಲೆ ಹಸಿರು ಸಾಲುಗಳು ಏರುತ್ತಲೇ ಇದ್ದವು. ಬಲ್ಬನ್ನು ಮುಟ್ಟಿ ನೋಡಿದೆ, ತಣ್ಣಗಿತ್ತು.

ಆಗಿದ್ದು ಇಷ್ಟೇ. ನಮ್ಮ ಪ್ರೋಗ್ರಾಂ ದೀಪಗಳನ್ನು ನಡೆಸುವ ಬಾಡಿ ಕಂಟ್ರೋಲ್ ಮಾಡ್ಯೂಲನ್ನು, ಅಂದರೆ ಬಿಸಿಎಂ ಅನ್ನು, ‘ಎಡ ಇಂಡಿಕೇಟರ್ ಹಾಕಿದೆಯಾ?’ ಎಂದು ಕೇಳುತ್ತಿತ್ತು. ಅದು ‘ಹಾಕಿದ್ದೇನೆ’ ಎನ್ನುತ್ತಿತ್ತು. ಬಲ್ಬು ಕೆಟ್ಟಿರುವುದನ್ನು ಪತ್ತೆ ಹಚ್ಚುವ ಭಾಗ ಆ ಮಾದರಿಯ ಸಾಫ್ಟ್‌ವೇರಿನಲ್ಲಿ ಇನ್ನೂ ಸೇರಿರಲಿಲ್ಲ. ಹಾಗಾಗಿ ಅದರ ಮಾತೇನೋ ಸುಳ್ಳಾಗಿರಲಿಲ್ಲ. ನಾವೇ ತಪ್ಪಾದವರನ್ನು ಸಾಕ್ಷಿ ಕೇಳಿದ್ದೆವು. ಕಾರಿನೊಳಗಿನ ಮಾಡ್ಯೂಲುಗಳು ಪರಸ್ಪರ ಮಾತಾಡುವ ವಯರಿನ ಜೋಡಿಗೆ ಕ್ಯಾನ್ ಬಸ್ ಎನ್ನುತ್ತಾರೆ. ಹಿಂದಿನಿಂದ ಬರುವ ಲಾರಿಯ ಚಾಲಕನಿಗೆ ಆ ಕ್ಯಾನ್ ಬಸ್ಸಿನ ಸಂದೇಶ ಕಾಣುವುದಿಲ್ಲ, ದೀಪ ಕಾಣುತ್ತದೆ.

ಅಂದಿನಿಂದ ಒಂದು ನಿಯಮ ಹಿಡಿದುಕೊಂಡಿದ್ದೇನೆ: ದೀಪದ ಪರೀಕ್ಷೆ ಎಂದರೆ ಕೊನೆಯಲ್ಲಿ ಬೆಳಕನ್ನು ಅಳೆಯಲೇಬೇಕು. ಈ ಮಾರ್ಗದರ್ಶಿ ಆ ನಿಯಮದ ಮೇಲೆ ನಿಂತಿದೆ. 12 ವೋಲ್ಟಿನ ಒಂದು ಸಾಧಾರಣ ಹ್ಯಾಚ್‌ಬ್ಯಾಕ್ ಕಾರಿನ ಬಿಸಿಎಂ ಮತ್ತು ಅದರ ದೀಪಗಳನ್ನು ಮೇಜಿನ ಮೇಲೆ ಹರಡಿಕೊಂಡು, ಮನುಷ್ಯರ ಕೈಯಿಲ್ಲದೆ ರಾತ್ರಿಯಿಡೀ ಪರೀಕ್ಷೆ ಓಡಿಸುವುದು ಹೇಗೆ ಎಂಬುದನ್ನು ಹಂತ ಹಂತವಾಗಿ ಬರೆದಿದ್ದೇನೆ. ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯಕ್ಕಾಗಲಿ, ದೀಪ ತಯಾರಿಸುವ ಸಣ್ಣ ಕಾರ್ಖಾನೆಗಾಗಲಿ ಇಷ್ಟು ಸಾಕು. ದೊಡ್ಡ ಕಂಪನಿಗಳಲ್ಲಿ ಇದೇ ಕೆಲಸಕ್ಕೆ ಲಕ್ಷಗಟ್ಟಲೆ ಬೆಲೆಯ ವ್ಯವಸ್ಥೆಗಳಿರುತ್ತವೆ. ಉಪಕರಣ ಬೇರೆಯಾದರೂ ಯೋಚನೆ ಇದೇ.

ಹಂತ 1: ಏನು ಸರಿ ಎಂಬುದನ್ನು ಮೊದಲು ಅಂಕಿಯಲ್ಲಿ ಬರೆದುಕೊಳ್ಳಿ

‘ಇಂಡಿಕೇಟರ್ ಸರಿಯಾಗಿ ಮಿನುಗಬೇಕು’ ಎಂಬ ವಾಕ್ಯವನ್ನು ಯಂತ್ರ ಪರೀಕ್ಷಿಸಲಾರದು. ಅಂಕಿ ಬೇಕು. ವಾಹನದ ಮೇಲೆ ದೀಪಗಳು ಎಲ್ಲಿ, ಹೇಗೆ ಇರಬೇಕೆಂದು ಹೇಳುವ ವಿಶ್ವಸಂಸ್ಥೆಯ 48ನೇ ನಿಯಮಾವಳಿಯಲ್ಲಿ ಇಂತಹ ಅಂಕಿಗಳು ಬೇಕಾದಷ್ಟಿವೆ. ನಮ್ಮ ದೇಶದಲ್ಲಿ ಅದೇ ವಿಷಯಕ್ಕೆ, ಮೂರಕ್ಕಿಂತ ಹೆಚ್ಚು ಚಕ್ರಗಳ ವಾಹನಗಳಿಗೆ, ಎಐಎಸ್ 008 ಎಂಬ ಮಾನದಂಡವಿದೆ. ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಿಗೆ ಎಐಎಸ್ 009 ಇದೆ. ನಿಮ್ಮ ವಾಹನ ಯಾವ ದೇಶದ ರಸ್ತೆಗೆ ಹೋಗುತ್ತದೆಯೋ ಆ ದೇಶದ ಈಗಿನ ಆವೃತ್ತಿಯನ್ನೇ ಮುಂದಿಟ್ಟುಕೊಳ್ಳಿ.

ಉದಾಹರಣೆಗೆ ಇಂಡಿಕೇಟರನ್ನೇ ತೆಗೆದುಕೊಳ್ಳೋಣ. 48ನೇ ನಿಯಮಾವಳಿಯ ಪ್ರಕಾರ ಅದು ನಿಮಿಷಕ್ಕೆ 90 ಬಾರಿ, ಹೆಚ್ಚುಕಡಿಮೆ 30ರ ಅಂತರದಲ್ಲಿ, ಮಿನುಗಬೇಕು. ಅಂದರೆ 60ರಿಂದ 120 ಬಾರಿ. ಸ್ವಿಚ್ ಹಾಕಿದ ಮೇಲೆ 1 ಸೆಕೆಂಡಿನೊಳಗೆ ಬೆಳಕು ಬರಬೇಕು, 1.5 ಸೆಕೆಂಡಿನೊಳಗೆ ಮೊದಲ ಬಾರಿ ಆರಬೇಕು. ಒಂದು ಬದಿಯ ಎಲ್ಲ ಇಂಡಿಕೇಟರುಗಳೂ ಒಟ್ಟಿಗೇ ಹೊತ್ತಿ ಒಟ್ಟಿಗೇ ಆರಬೇಕು. ಒಂದು ಇಂಡಿಕೇಟರ್ ಕೆಟ್ಟರೆ ಚಾಲಕನ ಮುಂದಿನ ಸೂಚಕ ದೀಪ ಅದನ್ನು ತೋರಿಸಬೇಕು: ಆರಿಹೋಗಬೇಕು, ಮಿನುಗದೆ ಹೊತ್ತಿಕೊಂಡೇ ಇರಬೇಕು, ಇಲ್ಲವೇ ಮಿನುಗುವ ವೇಗ ಎದ್ದು ಕಾಣುವಷ್ಟು ಬದಲಾಗಬೇಕು. ಈ ಒಂದೊಂದು ವಾಕ್ಯವೂ ಒಂದೊಂದು ಪರೀಕ್ಷೆ.

ನಿಯಮಾವಳಿಯ ಅಂಕಿಗಳ ಪಕ್ಕದಲ್ಲೇ ನಿಮ್ಮ ವಿನ್ಯಾಸದ ಅಂಕಿಗಳನ್ನೂ ಬರೆಯಿರಿ. ವಿನ್ಯಾಸಕಾರ ನಿಮಿಷಕ್ಕೆ 85 ಎಂದು ಬರೆದಿದ್ದು ಮೇಜಿನ ಮೇಲೆ 112 ಬಂದರೆ ಕಾನೂನಿಗೆ ಅದು ಸರಿ, ನಿಮಗೆ ಸರಿಯಲ್ಲ. ಎಲ್ಲೋ ಏನೋ ಬದಲಾಗಿದೆ. ಎರಡೂ ಮಿತಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಪರೀಕ್ಷಿಸಿ, ವರದಿಯಲ್ಲಿಯೂ ಬೇರೆ ಬೇರೆಯಾಗಿ ತೋರಿಸಿ.

ಹಂತ 2: ಮೇಜು ಕಟ್ಟುವುದು

ಬೇಕಾದದ್ದು: ಬಿಸಿಎಂ, ಅದರ ನಿಜವಾದ ವೈರಿಂಗ್, ಮುಂದಿನ ಮತ್ತು ಹಿಂದಿನ ದೀಪಗಳ ಪೂರ್ತಿ ಜೋಡಿ, ಕಂಪ್ಯೂಟರಿನಿಂದ ನಡೆಸಬಹುದಾದ ಪವರ್ ಸಪ್ಲೈ, ಕಂಪ್ಯೂಟರನ್ನು ಕ್ಯಾನ್ ಬಸ್ಸಿಗೆ ಜೋಡಿಸುವ ಒಂದು ಇಂಟರ್‌ಫೇಸ್, ರಿಲೇ (ಕಂಪ್ಯೂಟರ್ ಹಾಕಿ ತೆಗೆಯಬಲ್ಲ ಸ್ವಿಚ್) ಬೋರ್ಡ್, ಒಂದು ಮೈಕ್ರೊಕಂಟ್ರೋಲರ್ ಬೋರ್ಡ್. ಬೆಂಗಳೂರಿನವರಾದರೆ ದೀಪ, ಹೋಲ್ಡರ್, ಕನೆಕ್ಟರುಗಳಿಗೆ ಜೆ.ಸಿ. ರಸ್ತೆ, ಎಲೆಕ್ಟ್ರಾನಿಕ್ ಭಾಗಗಳಿಗೆ ಎಸ್.ಪಿ. ರಸ್ತೆ. ಒಂದು ಶನಿವಾರದಲ್ಲಿ ಎರಡೂ ಮುಗಿಯುತ್ತದೆ. ಬಲ್ಬು ಮಾತ್ರ ಅಗ್ಗದ್ದನ್ನು ತರಬೇಡಿ. ಅಳತೆಗೆ ಆಧಾರವಾಗುವ ವಸ್ತು ಅದು.

ಪವರ್ ಸಪ್ಲೈ ಆರಿಸುವಾಗ ಬಹಳ ಜನ ಎಡವುತ್ತಾರೆ. 21 ವ್ಯಾಟಿನ ಇಂಡಿಕೇಟರ್ ಬಲ್ಬು ಹೊತ್ತಿಕೊಂಡಿರುವಾಗ ಸುಮಾರು 2 ಆಂಪ್ ಎಳೆಯುತ್ತದೆ. ಆದರೆ ತಣ್ಣನೆಯ ತಂತುವಿನ ರೋಧ ಕಾದ ತಂತುವಿನ ರೋಧದ ಸುಮಾರು ಹತ್ತನೆಯ ಒಂದು ಭಾಗ. ಸ್ವಿಚ್ ಹಾಕಿದ ಮೊದಲ ಕೆಲವು ಮಿಲಿಸೆಕೆಂಡುಗಳಲ್ಲಿ ಆ ಒಂದೇ ಬಲ್ಬು 20 ಆಂಪಿನ ಹತ್ತಿರ ಕೇಳಬಹುದು. ಹಜಾರ್ಡ್ ಒತ್ತಿದರೆ ಅಂತಹ ನಾಲ್ಕು ಬಲ್ಬುಗಳು ಒಂದೇ ಕ್ಷಣಕ್ಕೆ ಕೇಳುತ್ತವೆ. ಸಪ್ಲೈಯ ಕರೆಂಟ್ ಮಿತಿ ಕಡಿಮೆಯಿದ್ದರೆ ವೋಲ್ಟೇಜ್ ಕುಸಿಯುತ್ತದೆ, ಬಿಸಿಎಂ ರೀಸೆಟ್ ಆಗುತ್ತದೆ, ನೀವು ಎರಡು ದಿನ ಸಾಫ್ಟ್‌ವೇರಿನಲ್ಲಿ ದೋಷ ಹುಡುಕುತ್ತೀರಿ. ಕನಿಷ್ಠ 30 ಆಂಪ್ ಕೊಡಬಲ್ಲ, ಹಠಾತ್ ಹೊರೆಗೆ ತಗ್ಗದ ಸಪ್ಲೈ ಇಟ್ಟುಕೊಳ್ಳಿ. ಪ್ರತಿ ದೀಪದ ದಾರಿಗೂ ಕಾರಿನಲ್ಲಿರುವಷ್ಟೇ ಆಂಪಿನ ಫ್ಯೂಸ್ ಹಾಕಿ. ಮೇಜಿಗೆ ಒಂದು ದೊಡ್ಡ ಕೆಂಪು ತುರ್ತು ಸ್ವಿಚ್ ಇರಲಿ, ಕೈಗೆ ಎಟುಕುವಲ್ಲಿ. ಹಳೆಯ ಕ್ಸೆನಾನ್ ಹೆಡ್‌ಲೈಟ್ ಪರೀಕ್ಷಿಸುವವರು ಅದರ ಇಗ್ನೈಟರ್ ಹತ್ತಿರ ಕೈ ಹಾಕಬಾರದು. ಹೊತ್ತಿಸುವ ಕ್ಷಣದಲ್ಲಿ ಅದು ಸಾವಿರಾರು ವೋಲ್ಟ್ ಹುಟ್ಟಿಸುತ್ತದೆ.

ಅರ್ತಿಂಗನ್ನು, ಅಂದರೆ ಕರೆಂಟ್ ಮರಳಿ ಹೋಗುವ ದಾರಿಯನ್ನು, ಮೇಜಿನ ಮೇಲೆ ಚೆನ್ನಾಗಿ ಕಟ್ಟಿ, ಆದರೆ ಕಾರಿನಲ್ಲಿ ಇದ್ದ ಹಾಗೆಯೇ ಕಟ್ಟಿ. ಹಿಂದಿನ ಎಡ ದೀಪಗುಚ್ಛದ ಎಲ್ಲ ಬಲ್ಬುಗಳಿಗೂ ಕಾರಿನಲ್ಲಿ ಒಂದೇ ಅರ್ತಿಂಗ್ ವಯರ್ ಇದ್ದರೆ ಇಲ್ಲಿಯೂ ಒಂದೇ ಇರಲಿ. ‘ಮೇಜಿನಲ್ಲಿ ಗಟ್ಟಿಯಾಗಿರಲಿ’ ಎಂದು ಪ್ರತಿ ಬಲ್ಬಿಗೂ ಬೇರೆ ವಯರ್ ಎಳೆದರೆ, ರಸ್ತೆಯಲ್ಲಿ ಹೆಚ್ಚಾಗಿ ಕಾಣುವ ದೋಷವೊಂದು ನಿಮ್ಮ ಮೇಜಿನಲ್ಲಿ ಹುಟ್ಟುವುದೇ ಇಲ್ಲ. ಇದರ ವಿಷಯ ಮುಂದೆ ಬರುತ್ತದೆ.

ಕ್ಯಾನ್ ಬಸ್ಸಿನ ಎರಡು ತುದಿಗಳಲ್ಲೂ 120 ಓಮ್ ರೋಧಕ ಇರಬೇಕು. ಪವರ್ ಆರಿಸಿ ಎರಡು ವಯರುಗಳ ನಡುವೆ ಮಲ್ಟಿಮೀಟರ್ ಇಟ್ಟರೆ ಸುಮಾರು 60 ಓಮ್ ಕಾಣಬೇಕು. 120 ಕಂಡರೆ ಒಂದು ರೋಧಕ ಇಲ್ಲ, 40 ಕಂಡರೆ ಒಂದು ಹೆಚ್ಚಾಗಿದೆ. ಅರ್ಧ ನಿಮಿಷದ ಈ ಅಳತೆಯನ್ನು ಬಿಟ್ಟು ಮುಂದೆ ಹೋಗಬೇಡಿ.

ಬಿಸಿಎಂ ಒಂದನ್ನೇ ಮೇಜಿನ ಮೇಲಿಟ್ಟರೆ ಅದು ಪೆಚ್ಚಾಗಿ ಕೂರುತ್ತದೆ. ಕಾರಿನಲ್ಲಿ ಅದರ ಜೊತೆ ಮಾತಾಡುವ ಎಂಜಿನ್, ಬ್ರೇಕ್, ಮೀಟರ್ ಬೋರ್ಡ್ ಯಾವುದೂ ಇಲ್ಲಿಲ್ಲ. ಅವುಗಳ ಸಂದೇಶಗಳನ್ನು ನಿಮ್ಮ ಕಂಪ್ಯೂಟರೇ ಸರಿಯಾದ ಕಾಲಾಂತರದಲ್ಲಿ ಕಳಿಸುತ್ತಿರಬೇಕು. ಲಿನಕ್ಸ್ ಕಂಪ್ಯೂಟರಿನಲ್ಲಿ ಪೈಥಾನ್ ಭಾಷೆಯ ಪೈಥಾನ್-ಕ್ಯಾನ್ ಮತ್ತು ಕ್ಯಾನ್‌ಟೂಲ್ಸ್ ಲೈಬ್ರರಿಗಳು ಈ ಕೆಲಸಕ್ಕೆ ಸಾಕು. ಕ್ಯಾನ್‌ಟೂಲ್ಸ್ ನಿಮ್ಮ ವಾಹನದ ಸಂದೇಶಗಳ ವಿವರವಿರುವ ಡಿಬಿಸಿ ಕಡತವನ್ನು ಓದಿ ಸಂದೇಶದ ಬಿಟ್‌ಗಳನ್ನು ಹೆಸರುಗಳಾಗಿ ಬದಲಿಸಿ ಕೊಡುತ್ತದೆ. ಕೆಲವು ಸಂದೇಶಗಳಲ್ಲಿ ಪ್ರತಿ ಬಾರಿಯೂ ಏರುವ ಎಣಿಕೆ ಮತ್ತು ತಾಳೆ ಅಂಕಿ (ಚೆಕ್‌ಸಮ್) ಇರುತ್ತವೆ. ಅವನ್ನು ಲೆಕ್ಕ ಹಾಕಿ ತುಂಬದಿದ್ದರೆ ಬಿಸಿಎಂ ಆ ಸಂದೇಶವನ್ನು ಮೌನವಾಗಿ ತಳ್ಳಿಹಾಕುತ್ತದೆ. ಮೇಜು ಇನ್ನೂ ಸಿದ್ಧವಾಗಿಲ್ಲದಿದ್ದರೆ ಲಿನಕ್ಸಿನ ಕಲ್ಪಿತ ಕ್ಯಾನ್ ಬಸ್ಸಿನ ಮೇಲೆಯೇ ಪ್ರೋಗ್ರಾಂ ಬರೆಯಲು ಶುರು ಮಾಡಬಹುದು.

ಇಂಡಿಕೇಟರ್ ಕಡ್ಡಿ, ಬ್ರೇಕ್ ಪೆಡಲ್, ರಿವರ್ಸ್ ಗೇರ್ ಸ್ವಿಚ್‌ಗಳು ನೇರ ವಯರಿನ ಮೂಲಕ ಬಿಸಿಎಂಗೆ ಬರುತ್ತಿದ್ದರೆ ಅವುಗಳ ಜಾಗದಲ್ಲಿ ರಿಲೇ ಕೂರಿಸಿ. ಸಂದೇಶದ ಮೂಲಕ ಬರುತ್ತಿದ್ದರೆ ಸಂದೇಶ ಕಳಿಸಿ. ಚಾಲಕನ ಕೈ ಎಲ್ಲಿ ಮುಟ್ಟುತ್ತದೆಯೋ ಅಲ್ಲಿಂದ ಪರೀಕ್ಷೆ ಶುರುವಾಗಬೇಕು.

ಹಂತ 3: ಮೇಜಿಗೆ ಕಣ್ಣು ಕೊಡುವುದು

ಪ್ರತಿ ದೀಪದ ಮುಂದೆ ಒಂದು ಬೆಳಕಿನ ಸೆನ್ಸರ್, ಪ್ರತಿ ದೀಪದ ದಾರಿಯಲ್ಲಿ ಒಂದು ಕರೆಂಟ್ ಸೆನ್ಸರ್. ಎರಡೂ ಬೇಕು. ಬೆಳಕಿಲ್ಲ ಎಂದು ಮೊದಲನೆಯದು ಹೇಳುತ್ತದೆ. ಏಕಿಲ್ಲ ಎಂಬುದರ ಸುಳಿವು ಎರಡನೆಯದರಲ್ಲಿ ಸಿಗುತ್ತದೆ.

ಬೆಳಕಿಗೆ, ಬಿದ್ದ ಬೆಳಕನ್ನು ಕರೆಂಟಾಗಿಸುವ ಫೋಟೊಡಯೋಡನ್ನೇ ಬಳಸಿ. ಬೆಳಕಿಗೆ ತಕ್ಕಂತೆ ರೋಧ ಬದಲಿಸುವ ಎಲ್‌ಡಿಆರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಆದರೆ ನಿಧಾನ. ಹವ್ಯಾಸಿಗಳು ಇಷ್ಟಪಡುವ ಬಿಎಚ್ 1750 ಸೆನ್ಸರ್ ತನ್ನ ಹೆಚ್ಚಿನ ನಿಖರತೆಯ ವಿಧಾನದಲ್ಲಿ ಒಂದು ಅಳತೆಗೆ ಸುಮಾರು 120 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ನಿಮಿಷಕ್ಕೆ 90 ಬಾರಿ ಮಿನುಗುವ ದೀಪದ ಒಂದು ಸುತ್ತೇ 667 ಮಿಲಿಸೆಕೆಂಡ್. 120ರ ಅಳತೆಗೋಲು ಅದಕ್ಕೆ ತೀರ ಒರಟು. ಬಿಪಿಡಬ್ಲ್ಯು 34 ಫೋಟೊಡಯೋಡಿಗೆ ಆಪ್-ಆಂಪ್ ಎಂಬ ಆಂಪ್ಲಿಫೈಯರ್ ಚಿಪ್ ಸೇರಿಸಬಹುದು, ಅಥವಾ ಡಯೋಡ್ ಮತ್ತು ಆಂಪ್ಲಿಫೈಯರ್ ಒಂದೇ ಚಿಪ್ಪಿನಲ್ಲಿರುವ ಒಪಿಟಿ 101 ತರಬಹುದು. ರಾಸ್ಪ್‌ಬೆರಿ ಪೈ ಪಿಕೊ ಎಂಬ ಮೈಕ್ರೊಕಂಟ್ರೋಲರ್ ಬೋರ್ಡಿನಲ್ಲಿ ಹೊರಗಿನಿಂದ ಬಳಸಬಹುದಾದ ಅನಲಾಗ್ ದಾರಿಗಳು ಮೂರೇ ಇರುವುದರಿಂದ, ಎಂಟು ದಾರಿಯ ಎಂಸಿಪಿ 3208 ಚಿಪ್ ಜೋಡಿಸಿಕೊಂಡರೆ ಅನುಕೂಲ. ಸೆಕೆಂಡಿಗೆ 2,000 ಬಾರಿ ಓದಿ.

ಸಮಯದ ಲೆಕ್ಕವನ್ನು ಕಂಪ್ಯೂಟರಿಗೆ ಬಿಡಬೇಡಿ. ಪೈಥಾನಿಗೆ ‘10 ಮಿಲಿಸೆಕೆಂಡ್ ಮಲಗು’ ಎಂದರೆ 10ಕ್ಕೂ ಏಳಬಹುದು, 25ಕ್ಕೂ ಏಳಬಹುದು. ಸ್ವಿಚ್ ವಯರಿನ ವೋಲ್ಟೇಜನ್ನೂ ಬೆಳಕನ್ನೂ ಅದೇ ಮೈಕ್ರೊಕಂಟ್ರೋಲರ್ ಒಂದೇ ಗಡಿಯಾರದಲ್ಲಿ ದಾಖಲಿಸಲಿ. ಆಗ ರಿಲೇ ಬಡಿಯಲು ತೆಗೆದುಕೊಂಡ ಕೆಲವು ಮಿಲಿಸೆಕೆಂಡುಗಳೂ ನಿಮ್ಮ ಅಳತೆಯನ್ನು ಕೆಡಿಸುವುದಿಲ್ಲ.

ಸೆನ್ಸರನ್ನು ದೀಪದ ಗಾಜಿಗೆ ಕೂರಿಸುವುದು ನಾಜೂಕಿನ ಕೆಲಸ. ಹಿಂದಿನ ದೀಪಗುಚ್ಛದಲ್ಲಿ ಬ್ರೇಕ್, ಇಂಡಿಕೇಟರ್, ರಿವರ್ಸ್ ದೀಪಗಳು ಅಂಗೈಯಗಲದಲ್ಲಿ ಒತ್ತೊತ್ತಾಗಿ ಇರುತ್ತವೆ. ಒಂದರ ಬೆಳಕು ಇನ್ನೊಂದರ ಸೆನ್ಸರಿಗೆ ಸೋರುತ್ತದೆ. ಎರಡು ಅಂಗುಲದ ಕಪ್ಪು ಕೊಳವೆಯೊಳಗೆ ಸೆನ್ಸರ್ ಇಟ್ಟು, ಕೊಳವೆಯ ಬಾಯಿಯನ್ನು ಎಲ್‌ಇಡಿ ದೀಪವಾದರೆ ಗಾಜಿಗೆ ತಾಗುವಂತೆ, ಬಲ್ಬಾದರೆ ಬಿಸಿಗೆ ಸ್ವಲ್ಪ ದೂರದಲ್ಲಿ ನಿಲ್ಲಿಸಿ. ಆಮೇಲೆ ಸೋರಿಕೆಯ ಕೋಷ್ಟಕ ಮಾಡಿ: ಒಂದೊಂದೇ ದೀಪ ಹಾಕುತ್ತಾ ಎಲ್ಲ ಸೆನ್ಸರುಗಳ ಓದನ್ನೂ ಬರೆದುಕೊಳ್ಳಿ. ಆರು ದೀಪಗಳಾದರೆ 36 ಅಂಕಿಗಳು. ಬ್ರೇಕ್ ದೀಪ ಹಾಕಿದಾಗ ಇಂಡಿಕೇಟರಿನ ಸೆನ್ಸರ್ ತನ್ನ ಪೂರ್ಣ ಓದಿನ ಶೇಕಡ 10ಕ್ಕಿಂತ ಹೆಚ್ಚು ತೋರಿಸಿದರೆ ಕೊಳವೆಯನ್ನು ಮತ್ತೆ ಸರಿಪಡಿಸಿ. ಈ ಕೋಷ್ಟಕವನ್ನು ಪರೀಕ್ಷೆಯ ಜೊತೆಯಲ್ಲೇ ಇಟ್ಟುಕೊಳ್ಳಿ. ಮುಂದೆ ಯಾರಾದರೂ ಸೆನ್ಸರ್ ಕದಲಿಸಿದರೆ ಕೋಷ್ಟಕ ಬದಲಾಗಿ ನಿಮಗೆ ತಿಳಿಯುತ್ತದೆ.

ಪೂರ್ಣ ಬೆಳಕು ಎಂದರೆ ಎಷ್ಟು ಎಂಬುದನ್ನು ಒಳ್ಳೆಯದೆಂದು ಖಚಿತವಾಗಿರುವ ಬಲ್ಬಿನಲ್ಲಿ, 13.5 ವೋಲ್ಟಿನಲ್ಲಿ ಒಮ್ಮೆ ಅಳೆದು ಕಡತದಲ್ಲಿ ಉಳಿಸಿ. ಪ್ರತಿ ಓಟದಲ್ಲೂ ಆಗ ಕಂಡ ಅತಿ ಹೆಚ್ಚಿನ ಬೆಳಕನ್ನೇ ‘ಪೂರ್ಣ’ ಎಂದು ಹಿಡಿಯುವ ಪ್ರೋಗ್ರಾಂಗಳನ್ನು ನೋಡಿದ್ದೇನೆ. ಅಂತಹ ಪ್ರೋಗ್ರಾಂ ಮಂಕು ದೀಪವನ್ನು ಅದರ ಮಂಕಿಗೇ ಹೋಲಿಸಿ ಪಾಸು ಮಾಡುತ್ತದೆ.

ಹಂತ 4: ಮೊದಲ ಪರೀಕ್ಷೆಯಾಗಿ ಇಂಡಿಕೇಟರ್

ಪೈಥಾನಿನಲ್ಲಿ ಪರೀಕ್ಷೆ ಬರೆಯಲು ಬಳಸುವ ಪೈಟೆಸ್ಟ್ ಚೌಕಟ್ಟಿನಲ್ಲಿ ಬರೆಯುವುದಾದರೆ ಪ್ರತಿ ಪರೀಕ್ಷೆಗೂ ಮೊದಲು ಮೇಜನ್ನು ತಿಳಿದ ಸ್ಥಿತಿಗೆ ತರುವ ಭಾಗ ಬರೆಯಿರಿ: ಎಲ್ಲ ಸ್ವಿಚ್ ಆಫ್, 13.5 ವೋಲ್ಟ್, ಇಗ್ನಿಷನ್ ಆನ್, ಬಿಸಿಎಂ ದಾಖಲಿಸಿದ್ದ ಹಳೆಯ ದೋಷ ಸಂಕೇತಗಳು ಅಳಿಸಿವೆ, ಎಲ್ಲ ಸೆನ್ಸರುಗಳಲ್ಲೂ ಕತ್ತಲೆ. ಕತ್ತಲೆಯಿಲ್ಲದಿದ್ದರೆ ಪರೀಕ್ಷೆ ಶುರುವಾಗಲೇಬಾರದು. ಕೋಣೆಯ ದೀಪ ಹಾಕಿ ಯಾರೋ ಹೋಗಿದ್ದಾರೆ, ಅಥವಾ ಹಿಂದಿನ ಪರೀಕ್ಷೆ ಏನನ್ನೋ ಹೊತ್ತಿಸಿಟ್ಟು ಮುಗಿದಿದೆ.

ಈಗ ಎಡ ಇಂಡಿಕೇಟರಿನ ರಿಲೇ ಮುಚ್ಚಿ. ಹತ್ತು ಸುತ್ತು ಸಿಗಬೇಕು. ಅತಿ ನಿಧಾನದ ದೀಪಕ್ಕೂ ಸಾಲುವಂತೆ 12 ಸೆಕೆಂಡ್ ದಾಖಲಿಸಿ. ಬೆಳಕಿನ ಓದು ಉಳಿಸಿಟ್ಟ ಪೂರ್ಣ ಬೆಳಕಿನ ಶೇಕಡ 60 ದಾಟಿದರೆ ‘ಹೊತ್ತಿತು’, ಶೇಕಡ 40ಕ್ಕಿಂತ ಇಳಿದರೆ ‘ಆರಿತು’. ಎರಡು ಗೆರೆಗಳ ನಡುವೆ ಈ ಅಂತರ ಇರದಿದ್ದರೆ ಸಣ್ಣ ಅದುರಾಟವೂ ಒಂದು ಮಿನುಗಾಗಿ ಎಣಿಕೆಯಾಗುತ್ತದೆ.

ಇಷ್ಟು ಮಾಡಿಯೂ ನನ್ನ ಮೊದಲ ವರದಿಯಲ್ಲಿ ಎಲ್‌ಇಡಿ ಇಂಡಿಕೇಟರ್ ನಿಮಿಷಕ್ಕೆ ಸುಮಾರು 6,000 ಬಾರಿ ಮಿನುಗುತ್ತಿದೆ ಎಂದು ಬಂದಿತ್ತು. ಅಳತೆ ಸರಿಯಾಗಿಯೇ ಇತ್ತು. ಬಿಸಿಎಂ ದೀಪದ ಪ್ರಕಾಶವನ್ನು ಹದಗೊಳಿಸಲು ಸೆಕೆಂಡಿಗೆ 200 ಬಾರಿ ಕರೆಂಟನ್ನು ಹಾಕಿ ತೆಗೆದು ಮಾಡುತ್ತಿತ್ತು. ಮಿನುಗುವ ದೀಪ ಅರ್ಧ ಹೊತ್ತು ಮಾತ್ರ ಹೊತ್ತಿರುವುದರಿಂದ ಸೆಕೆಂಡಿಗೆ 100, ನಿಮಿಷಕ್ಕೆ 6,000. ಮನುಷ್ಯನ ಕಣ್ಣಿಗೆ ಕಾಣದ್ದು ಫೋಟೊಡಯೋಡಿಗೆ ಕಂಡಿತ್ತು. ತಂತುವಿನ ಬಲ್ಬು ಅಷ್ಟು ಬೇಗ ತಣ್ಣಗಾಗುವುದಿಲ್ಲವಾದ್ದರಿಂದ ಅದರಲ್ಲಿ ಈ ತೊಂದರೆ ಇರಲಿಲ್ಲ. ಪರಿಹಾರ: ಪ್ರತಿ ಓದಿನ ಜಾಗದಲ್ಲಿ ಅದರ ಆಸುಪಾಸಿನ 20 ಮಿಲಿಸೆಕೆಂಡಿನ ಸರಾಸರಿ ಹಾಕಿ, ಆಮೇಲೆ ಎಣಿಸಿ. ಮೂಲ ಓದನ್ನು ಎಸೆಯಬೇಡಿ, ಬೇರೆ ಕಡತದಲ್ಲಿ ಉಳಿಸಿ.

ಎಣಿಸುವಾಗ ಹೊತ್ತಿದ ಕ್ಷಣದಿಂದ ಮುಂದಿನ ಹೊತ್ತಿದ ಕ್ಷಣದವರೆಗಿನ ಅಂತರವನ್ನು ತೆಗೆದುಕೊಳ್ಳಿ. ಪ್ರತಿ ಅಂತರವೂ 500ರಿಂದ 1,000 ಮಿಲಿಸೆಕೆಂಡಿನೊಳಗೆ ಇರಬೇಕು. ಸರಾಸರಿಯನ್ನಷ್ಟೇ ನೋಡಿದರೆ ನಡುವೆ ತಪ್ಪಿದ ಒಂದು ಮಿನುಗು ಮರೆಯಾಗುತ್ತದೆ. ಸ್ವಿಚ್ಚಿನಿಂದ ಮೊದಲ ಬೆಳಕಿಗೆ ಎಷ್ಟು, ಮೊದಲ ಆರುವಿಕೆಗೆ ಎಷ್ಟು, ಮುಂದಿನ ದೀಪಕ್ಕೂ ಹಿಂದಿನದಕ್ಕೂ ಎಷ್ಟು ವ್ಯತ್ಯಾಸ, ಇವೆಲ್ಲ ಅದೇ ದಾಖಲೆಯಿಂದ ಸಿಗುತ್ತವೆ. ಕೊನೆಗೆ ಬಲಗಡೆಯ ಸೆನ್ಸರುಗಳಲ್ಲಿ ಆ 12 ಸೆಕೆಂಡೂ ಕತ್ತಲೆಯೇ ಇತ್ತೇ ಎಂದು ನೋಡಿ. ಎಡಕ್ಕೆ ಹಾಕಿದಾಗ ಎಡ ಹೊತ್ತುವುದರಷ್ಟೇ ಬಲ ಹೊತ್ತದಿರುವುದೂ ಮುಖ್ಯ.

ಆರಿರುವುದನ್ನು ಪರೀಕ್ಷಿಸುವಾಗ ಇನ್ನೊಂದು ಸೂಕ್ಷ್ಮವಿದೆ. ಬಲ್ಬು ಜೀವಂತವಾಗಿದೆಯೇ ಎಂದು ತಿಳಿಯಲು ಕೆಲವು ಬಿಸಿಎಂಗಳು ದೀಪ ಆರಿರುವಾಗಲೂ ಆಗಾಗ ಕಿರು ಕರೆಂಟ್ ತುಣುಕು ಕಳಿಸುತ್ತವೆ. ತಂತುವಿಗೆ ಅದು ತಿಳಿಯುವುದೇ ಇಲ್ಲ. ಅದೇ ಜಾಗಕ್ಕೆ ಎಲ್‌ಇಡಿ ಹಾಕಿದರೆ ಕತ್ತಲಲ್ಲಿ ಕಿಡಿಯಂತೆ ಮಿನುಗುತ್ತದೆ. ಇದನ್ನು ಹಿಡಿಯಲು ಸರಾಸರಿ ಮಾಡಿದ ಓದು ಸಾಲದು, ಮೂಲ ಓದಿನಲ್ಲೇ ಹುಡುಕಬೇಕು.

ಬ್ರೇಕ್ ಲೈಟಿಗೂ ಇದೇ ವಿಧಾನ, ಆದರೆ ಇಲ್ಲಿ ಒಂದೊಂದು ಮಿಲಿಸೆಕೆಂಡಿಗೂ ಬೆಲೆಯಿದೆ. ತಂತುವಿನ ಬಲ್ಬು ಪೂರ್ಣ ಬೆಳಕಿಗೆ ಬರಲು ಸುಮಾರು 200 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಎಲ್‌ಇಡಿಗೆ ಆ ವಿಳಂಬವೇ ಇಲ್ಲ. ಗಂಟೆಗೆ 100 ಕಿಲೊಮೀಟರ್ ವೇಗದಲ್ಲಿ ಹಿಂದಿನ ವಾಹನ ಆ 200 ಮಿಲಿಸೆಕೆಂಡಿನಲ್ಲಿ ಐದೂವರೆ ಮೀಟರ್ ಮುಂದೆ ಬಂದಿರುತ್ತದೆ. ಸಾಫ್ಟ್‌ವೇರ್ ತನ್ನದೇ ಆದ 50 ಮಿಲಿಸೆಕೆಂಡನ್ನು ಅದಕ್ಕೆ ಸೇರಿಸಿದರೆ ನಾನಂತೂ ಅದನ್ನು ದೋಷವೆಂದೇ ಬರೆಯುತ್ತೇನೆ.

ಹಂತ 5: ದೀಪಗಳನ್ನು ಕೂಡಿಸಿ ನೋಡುವುದು

ಒಂದೊಂದೇ ದೀಪ ಪಾಸಾದ ಮೇಲೆ ಕೂಡಿಕೆಗಳು. ಪಾರ್ಕಿಂಗ್, ಬ್ರೇಕ್, ಎಡ, ಬಲ, ರಿವರ್ಸ್, ಹಿಂದಿನ ಫಾಗ್, ಹೀಗೆ ಆರು ದೀಪಗಳಿಗೆ 64 ಕೂಡಿಕೆಗಳು. ಎಡ ಬಲ ಎರಡೂ ಸೇರಿದ್ದು ಹಜಾರ್ಡ್. ಒಂದಕ್ಕೆ 12 ಸೆಕೆಂಡ್ ಎಂದರೆ ಎಲ್ಲ ಸೇರಿ 13 ನಿಮಿಷ. ಕೈಯಿಂದ ಮಾಡುವವರು ಏಳೆಂಟಕ್ಕೆ ಬೇಸತ್ತು ನಿಲ್ಲಿಸುತ್ತಾರೆ. ಸ್ವಯಂಚಾಲಿತ ಪರೀಕ್ಷೆಯ ನಿಜವಾದ ಲಾಭ ಇಲ್ಲಿದೆ.

ಕೂಡಿಕೆಗಳಲ್ಲಿ ಸಿಕ್ಕಿಬೀಳುವ ದೊಡ್ಡ ಕಳ್ಳ ಕೆಟ್ಟ ಅರ್ತಿಂಗ್. ಬ್ರೇಕಿಗೆ 21 ವ್ಯಾಟ್, ಪಾರ್ಕಿಂಗಿಗೆ 5 ವ್ಯಾಟ್ ಎಂದು ಎರಡು ತಂತುಗಳಿರುವ ಬಲ್ಬನ್ನು ನೆನೆಸಿಕೊಳ್ಳಿ. ಎರಡೂ ತಂತುಗಳಿಗೆ ಅರ್ತಿಂಗ್ ಒಂದೇ. ಆ ವಯರ್ ತುಕ್ಕು ಹಿಡಿದು ತುಂಡಾಯಿತು ಎನ್ನಿ. ಬ್ರೇಕ್ ಒತ್ತಿದಾಗ ಬಂದ ಕರೆಂಟಿಗೆ ಮನೆಗೆ ಹೋಗಲು ದಾರಿಯಿಲ್ಲ. ಅದು 5 ವ್ಯಾಟಿನ ತಂತುವಿನೊಳಗೆ ಹಿಮ್ಮುಖವಾಗಿ ಹೊಕ್ಕು, ಪಾರ್ಕಿಂಗ್ ವಯರಿನಲ್ಲಿ ಸಾಗಿ, ಅದೇ ವಯರಿಗೆ ಸೇರಿದ ಬಲಗಡೆಯ ಪಾರ್ಕಿಂಗ್ ದೀಪ ಮತ್ತು ನಂಬರ್ ಪ್ಲೇಟ್ ದೀಪಗಳ ಮೂಲಕ ಅರ್ತಿಂಗ್ ತಲುಪುತ್ತದೆ. 5 ವ್ಯಾಟಿನ ತಂತು ಬಿಡುವಷ್ಟೇ ಕರೆಂಟ್ ಹರಿಯುವುದರಿಂದ 21 ವ್ಯಾಟಿನದು ಹೊತ್ತುವುದೇ ಇಲ್ಲ. ನೋಡುವವರಿಗೆ ಬ್ರೇಕ್ ಒತ್ತಿದಾಗ ಪಾರ್ಕಿಂಗ್ ದೀಪ ಮಂಕಾಗಿ ಹೊತ್ತಿದಂತೆ ಕಾಣುತ್ತದೆ. ಗ್ಯಾರೇಜಿನ ಅನುಭವಿ ಎಲೆಕ್ಟ್ರಿಷಿಯನ್ ಇದನ್ನು ದೂರದಿಂದಲೇ ನೋಡಿ ‘ಅರ್ತಿಂಗ್ ಹೋಗಿದೆ’ ಎನ್ನುತ್ತಾನೆ.

ನಿಮ್ಮ ಪರೀಕ್ಷೆಗೂ ಆ ಅನುಭವ ಕೊಡಿ. ಅರ್ತಿಂಗ್ ವಯರಿನಲ್ಲಿ ಒಂದು ರಿಲೇ ಇಟ್ಟು, ಅದನ್ನು ತೆರೆದು, ಬ್ರೇಕ್ ಮಾತ್ರ ಒತ್ತಿ. ಎಡ ಬ್ರೇಕಿನ ಬೆಳಕು ಇಲ್ಲ, ಎಡ ಪಾರ್ಕಿಂಗಿನಲ್ಲಿ ಇರಬಾರದ ಬೆಳಕು ಇದೆ, ಬ್ರೇಕ್ ದಾರಿಯ ಕರೆಂಟ್ 2 ಆಂಪಿನ ಬದಲು ಅರ್ಧ ಆಂಪಿಗಿಂತ ಕಡಿಮೆ. ಈ ಮೂರೂ ಒಟ್ಟಿಗೆ ಕಂಡರೆ ವರದಿಯಲ್ಲಿ ‘ಎಡ ಹಿಂಭಾಗದ ಅರ್ತಿಂಗ್ ನೋಡಿ’ ಎಂದೇ ಬರೆಯಿಸಿ.

ಹಂತ 6: ಬೇಕೆಂದೇ ಕೆಡಿಸುವುದು

ಪ್ರತಿ ದೀಪದ ವಯರಿನಲ್ಲೂ ಒಂದು ರಿಲೇ ಇದ್ದರೆ ‘ಬಲ್ಬು ಸುಟ್ಟಿದೆ’ ಎಂಬ ಸ್ಥಿತಿಯನ್ನು ಯಾವಾಗ ಬೇಕಾದರೂ ಹುಟ್ಟಿಸಬಹುದು. ಎಡ ಮುಂದಿನ ಇಂಡಿಕೇಟರ್ ಕತ್ತರಿಸಿ, ಉಳಿದವು ಹೇಗೆ ಮಿನುಗುತ್ತವೆ, ಮೀಟರಿನ ಸೂಚಕ ಏನು ಮಾಡುತ್ತದೆ ನೋಡಿ. ಶಾರ್ಟ್ ಸರ್ಕಿಟ್ ಹುಟ್ಟಿಸುವಾಗ ಫ್ಯೂಸ್ ಮತ್ತು ಸಪ್ಲೈಯ ಕರೆಂಟ್ ಮಿತಿ ಎರಡೂ ಇರಲಿ. ಮೇಜಿನ ಬಳಿ ಯಾರೂ ಇಲ್ಲದ ಹೊತ್ತಿನಲ್ಲಿ ಶಾರ್ಟ್ ಪರೀಕ್ಷೆ ಓಡಿಸಬೇಡಿ.

ಕೆಡಿಸಿದ ಮೇಲೆ ಬಿಸಿಎಂ ಅದನ್ನು ದಾಖಲಿಸಿತೇ ಎಂದು ಕೇಳಿ. ವಾಹನದ ಮಾಡ್ಯೂಲುಗಳ ದೋಷ ವಿಚಾರಿಸಲು ಐಎಸ್‌ಒ 14229 ಹೇಳುವ ಯುಡಿಎಸ್ ಪದ್ಧತಿಯಲ್ಲಿ, ಹೆಕ್ಸ್ (ಹದಿನಾರರ ಆಧಾರದ) ಎಣಿಕೆಯ 19ನೇ ಸೇವೆ ದೋಷ ಸಂಕೇತ ಓದುತ್ತದೆ, 14ನೇ ಸೇವೆ ಅಳಿಸುತ್ತದೆ. 2ಎಫ್ ಸೇವೆ ಸ್ವಿಚ್ ಇಲ್ಲದೆಯೇ ನೇರವಾಗಿ ದೀಪ ಹೊತ್ತಿಸುತ್ತದೆ. ಈ ಕೊನೆಯದು ವೈರಿಂಗ್ ನೋಡಲು ಒಳ್ಳೆಯದು, ಆದರೆ ಸ್ವಿಚ್ಚಿನಿಂದ ಬೆಳಕಿನವರೆಗಿನ ತರ್ಕವನ್ನೆಲ್ಲ ಹಾರಿಹೋಗುವುದರಿಂದ ಮುಖ್ಯ ಪರೀಕ್ಷೆಯಲ್ಲಿ ಬಳಸಬಾರದು. ಇದನ್ನು ಬಳಸುವಾಗ ‘ನಾನಿದ್ದೇನೆ’ ಎನ್ನುವ 3ಇ ಸಂದೇಶವನ್ನು ಕಳಿಸುತ್ತಲೇ ಇರಬೇಕು. 5 ಸೆಕೆಂಡ್ ಮೌನವಾದರೆ ಬಿಸಿಎಂ ಮಾಮೂಲಿ ಸ್ಥಿತಿಗೆ ಮರಳಿ ದೀಪ ಆರಿಸುತ್ತದೆ. ಸರಿಯಾಗಿ ಐದನೇ ಸೆಕೆಂಡಿಗೆ ಆರುವ ದೀಪ ಕಂಡರೆ ಕಾರಣ ಇದೇ.

ವೋಲ್ಟೇಜನ್ನೂ ಕೆಡಿಸಿ. 9, 12, 13.5 ಮತ್ತು 16 ವೋಲ್ಟಿನಲ್ಲಿ ಇಡೀ ಪರೀಕ್ಷೆಯನ್ನು ಮತ್ತೆ ಓಡಿಸಿ. ತಂತುವಿನ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತದಂತೆ ಬದಲಾಗುತ್ತದೆ. ಕನೆಕ್ಟರಿನಲ್ಲಿ ಶೇಕಡ 10ರಷ್ಟು ವೋಲ್ಟೇಜ್ ಸೋರಿದರೆ ಬೆಳಕು ಶೇಕಡ 30ರಷ್ಟು ಕುಗ್ಗುತ್ತದೆ. ಆದ್ದರಿಂದ ಪ್ರತಿ ವೋಲ್ಟೇಜಿಗೂ ಪೂರ್ಣ ಬೆಳಕಿನ ಅಂಕಿ ಬೇರೆ ಇಟ್ಟುಕೊಳ್ಳಿ. ಮಿನುಗುವ ವೇಗ ಮಾತ್ರ ಯಾವ ವೋಲ್ಟೇಜಿನಲ್ಲೂ ಮಿತಿ ದಾಟಬಾರದು.

ಹಂತ 7: ಕ್ಯಾಮೆರಾ ಬೇಕಾಗುವ ಕಡೆ

ಒಳಗಿನಿಂದ ಹೊರಕ್ಕೆ ಹರಿಯುವ ಇಂಡಿಕೇಟರುಗಳಿಗೆ ಒಂದು ಫೋಟೊಡಯೋಡ್ ಸಾಲದು. ವಿಶ್ವಸಂಸ್ಥೆಯ ನಿಯಮದಂತೆ ಆ ಹರಿವು ಶುರುವಾದ 200 ಮಿಲಿಸೆಕೆಂಡಿನೊಳಗೆ ಎಲ್ಲ ಭಾಗಗಳೂ ಹೊತ್ತಿರಬೇಕು. ಸೆಕೆಂಡಿಗೆ 30 ಚಿತ್ರ ತೆಗೆಯುವ ಕ್ಯಾಮೆರಾಕ್ಕೆ ಅಷ್ಟರಲ್ಲಿ ಆರೇ ಚಿತ್ರ ಸಿಗುತ್ತದೆ, 120ರದ್ದಕ್ಕೆ 24 ಸಿಗುತ್ತದೆ. ಎಕ್ಸ್‌ಪೋಶರನ್ನು ಕೈಯಿಂದ ನಿಗದಿ ಮಾಡಿ. ಸ್ವಯಂಚಾಲಿತವಾಗಿ ಬಿಟ್ಟರೆ ಕ್ಯಾಮೆರಾ ಮಂಕು ದೀಪವನ್ನು ತಾನೇ ಬೆಳಗಿಸಿ ತೋರಿಸುತ್ತದೆ.

ಹೆಡ್‌ಲೈಟಿನ ಲೋ ಬೀಮ್ ಗೋಡೆಯ ಮೇಲೆ ಬೀಳುವ ಗೆರೆಗೂ ಕ್ಯಾಮೆರಾ ಬೇಕು. ದೀಪದ ಎತ್ತರ 80 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಮೊದಲ ಹೊಂದಾಣಿಕೆಯ ಇಳಿಜಾರು ಶೇಕಡ 1ರಿಂದ 1.5ರ ನಡುವೆ ಇರಬೇಕು ಎನ್ನುತ್ತದೆ 48ನೇ ನಿಯಮಾವಳಿ. 10 ಮೀಟರ್ ದೂರದ ಗೋಡೆಯಲ್ಲಿ ಶೇಕಡ 1 ಎಂದರೆ 10 ಸೆಂಟಿಮೀಟರ್. ದೀಪ 65 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಬೆಳಕಿನ ಗೆರೆ ಗೋಡೆಯ ಮೇಲೆ 50ರಿಂದ 55 ಸೆಂಟಿಮೀಟರಿನಲ್ಲಿ ಕಾಣಬೇಕು. ನಮ್ಮ ಹಾಗೆ ಎಡಕ್ಕೆ ಓಡಿಸುವ ದೇಶಗಳಲ್ಲಿ ಆ ಗೆರೆ ಎಡಬದಿಗೆ ಮೇಲೇರುತ್ತದೆ. ಬಲಕ್ಕೆ ಏರುತ್ತಿದ್ದರೆ ರಫ್ತಿನ ದೀಪ ನಿಮ್ಮ ಮೇಜಿಗೆ ಬಂದಿದೆ, ರಸ್ತೆಗೆ ಹೋದರೆ ಎದುರಿನವರ ಕಣ್ಣು ಕುಕ್ಕುತ್ತದೆ.

ಈ ಮೇಜು ದೀಪ ಎಷ್ಟು ಕ್ಯಾಂಡೆಲಾ ಬೆಳಕು ಕೊಡುತ್ತದೆ ಎಂದು ಪ್ರಮಾಣೀಕರಿಸಲಾರದು. ಅದಕ್ಕೆ ದೀಪವನ್ನು ಎಲ್ಲ ಕೋನಗಳಿಗೂ ತಿರುಗಿಸಿ ಅಳೆಯುವ ಗೋನಿಯೊಫೋಟೊಮೀಟರ್ ಬೇಕು, ಪುಣೆಯ ಎಆರ್‌ಎಐ ಅಥವಾ ಮಾನೇಸರದ ಐಕ್ಯಾಟ್‌ನಂತಹ ವಾಹನ ಪರೀಕ್ಷಾ ಸಂಸ್ಥೆಗಳ ಬಾಗಿಲಿಗೆ ಹೋಗಬೇಕು. ನಿನ್ನೆ ಇದ್ದ ಬೆಳಕು ಇಂದೂ ಇದೆಯೇ ಎಂಬುದನ್ನು ಮೇಜು ಹೇಳುತ್ತದೆ.

ಹಂತ 8: ರಾತ್ರಿಯ ಓಟ

ಪ್ರತಿ ಪರೀಕ್ಷೆಯ ಜೊತೆ ಸಾಫ್ಟ್‌ವೇರ್ ಆವೃತ್ತಿ, ವೋಲ್ಟೇಜ್, ಕೋಣೆಯ ತಾಪಮಾನ ಮತ್ತು ಬೆಳಕಿನ ಇಡೀ ಮೂಲ ಓದು ಉಳಿಯಲಿ. ‘ಫೇಲ್’ ಎಂಬ ಒಂದು ಪದದಿಂದ ಬೆಳಿಗ್ಗೆ ಯಾರಿಗೂ ಏನೂ ತಿಳಿಯುವುದಿಲ್ಲ. ಬೆಳಕಿನ ಅಲೆಯ ಚಿತ್ರ ಇದ್ದರೆ ಚಹಾ ಕುಡಿಯುವಷ್ಟರಲ್ಲಿ ಕಾರಣ ಹೊಳೆಯುತ್ತದೆ.

ಒಮ್ಮೆ ಫೇಲಾಗಿ ಇನ್ನೊಮ್ಮೆ ಪಾಸಾಗುವ ಪರೀಕ್ಷೆಯನ್ನು ‘ಮೂರು ಸಲ ಓಡಿಸಿ, ಒಂದು ಸಲ ಪಾಸಾದರೆ ಸಾಕು’ ಎಂದು ಬರೆಯುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ಬರೆಯಬೇಡಿ. ಸಡಿಲ ಕನೆಕ್ಟರ್ ನಡೆದುಕೊಳ್ಳುವುದೇ ಹಾಗೆ. ಮೂರೂ ಸಲದ ಫಲಿತಾಂಶವನ್ನು ವರದಿಯಲ್ಲಿ ಇಡಿ, ಒಂದು ಫೇಲಾಗಿದ್ದರೂ ಕೆಂಪು ಬಣ್ಣವೇ ಇರಲಿ.

ನಾನು ಸಂಜೆ ಮನೆಗೆ ಹೊರಡುವ ಮುಂಚೆ ಕಣ್ಣು ಮುಚ್ಚಿ ಒಂದು ಚೀಟಿ ಎತ್ತುತ್ತೇನೆ. ಅದರಲ್ಲಿ ಒಂದು ದೀಪದ ಹೆಸರಿರುತ್ತದೆ. ಆ ದೀಪದ ಬಲ್ಬನ್ನು ಕೈಯಾರೆ ಕಳಚಿ, ಡ್ರಾಯರಿನೊಳಗೆ ಇಟ್ಟು, ಒಂದು ಸಣ್ಣ ಓಟ ಓಡಿಸುತ್ತೇನೆ. ಪರದೆಯ ಮೇಲೆ ಅದೇ ದೀಪದ ಹೆಸರು ಕೆಂಪಾಗಿ ಬರಬೇಕು, ಬೇರೆ ಯಾವುದೂ ಬರಬಾರದು. ಬಂದ ಮೇಲೆ ಬಲ್ಬನ್ನು ಬಟ್ಟೆಯಲ್ಲಿ ಹಿಡಿದು ಮತ್ತೆ ಕೂರಿಸಿ, ಕನೆಕ್ಟರ್ ‘ಟಕ್’ ಎನ್ನುವವರೆಗೆ ಒತ್ತಿ, ರಾತ್ರಿಯ ಓಟ ಶುರು ಮಾಡುತ್ತೇನೆ.